ಶರೀಫರ ಪದಕ್ಕೆ ಗಿಟಾರು ಹಿಡಿದ ರಘು ದೀಕ್ಷಿತ್

ರಾಕ್ ಗಾಯಕ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದ ಕೂದಲು, ತೊಗಲಿನ ಕೋಟು, ಕಿವಿ ಹರಿಯುವಂಥ ಕೂಗಾಟ. ಟೀವಿಯಲ್ಲಿ ಅಂಥದ್ದು ಬಂತೆಂದರೆ ನಾವು ಹೆಂಗಸರು ಎದ್ದು ಅಡಿಗೆಮನೆ ಸೇರುತ್ತೇವೆ. ಆದರೆ ಮೈಸೂರಿನಲ್ಲಿ ಬೆಳೆದ ರಾಕ್ ಗಾಯಕರೊಬ್ಬರು ವೇದಿಕೆಗೆ ಬರುವುದು ಬಣ್ಣಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು. ಕೈಯಲ್ಲಿ ಗಿಟಾರು, ಬಾಯಲ್ಲಿ ಶಿಶುನಾಳ ಶರೀಫರ ಪದ. ಅವರೇ ರಘು ದೀಕ್ಷಿತ್.

ನಮ್ಮ ಅರಕೇರಾ ಕಡೆ ತತ್ವಪದವೆಂದರೆ ಭಜನೆಯಲ್ಲಿ ಕೂತು ಕೇಳುವಂಥದ್ದು. ಒಂದು ಹಾರ್ಮೋನಿಯಂ, ತಾಳ, ಸುತ್ತ ಕೂತು ದನಿಗೂಡಿಸುವ ನಾಲ್ಕು ಜನ, ಅಷ್ಟೇ. ಅದೇ ಪದವನ್ನು ಮಗ ಮೊಬೈಲಿನಲ್ಲಿ ಡ್ರಮ್ಮಿನ ಸದ್ದಿನ ಜೊತೆ ಹಾಕಿದಾಗ ನಮ್ಮತ್ತೆಯವರು, "ಇದೇನವ್ವಾ, ಭಜನಿ ಪದಕ್ಕ ಬ್ಯಾಂಡ್ ಹಚ್ಯಾರಲ್ಲ!" ಅಂದರು. ನಕ್ಕು ಬಿಡುವ ಮಾತಲ್ಲ ಅದು. ಹಿರಿಯರು ಭಕ್ತಿಯಿಂದ ಹಾಡಿಕೊಂಡು ಬಂದ ಪದ, ಹುಡುಗರು ಕುಣಿಯುವ ಕಡೆ ಹೋದರೆ ಕೆಡುತ್ತದೆಯೋ ಉಳಿಯುತ್ತದೆಯೋ ಎಂಬುದು ನನಗೂ ಕಾಡಿದ ಪ್ರಶ್ನೆ.

ಮೊದಲು ಅವರ ಕಥೆ ಹೇಳುತ್ತೇನೆ. ಹುಟ್ಟಿದ್ದು 1974ರ ನವೆಂಬರ್ 11ರಂದು, ನಾಸಿಕ್‌ನಲ್ಲಿ. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಮನೆಯವರು ಸಂಪ್ರದಾಯಸ್ಥರು. ಚಿಕ್ಕಂದಿನಿಂದ ಕಲಿತದ್ದು ಭರತನಾಟ್ಯ, ಅದೂ ಬರೀ ಹವ್ಯಾಸಕ್ಕಲ್ಲ, ವಿದ್ವತ್ ಮಟ್ಟದವರೆಗೆ. ಗಂಡುಹುಡುಗ ಗೆಜ್ಜೆ ಕಟ್ಟಿದರೆ ಜೊತೆಯವರು ಸುಮ್ಮನಿರುತ್ತಾರೆಯೇ? ಕಾಲೇಜಿನಲ್ಲಿ ಗಿಟಾರು ಬಾರಿಸುವ ಒಬ್ಬ ಸಹಪಾಠಿ ಹಾಸ್ಯ ಮಾಡಿದನಂತೆ. ಎರಡು ತಿಂಗಳಲ್ಲಿ ನಾನೂ ಗಿಟಾರು ಬಾರಿಸಿ ತೋರಿಸುತ್ತೇನೆ ಎಂದು ಇವರು ಪಂಥ ಕಟ್ಟಿದರು, ಕಲಿತೇಬಿಟ್ಟರು. ಗೆಜ್ಜೆಯನ್ನಂತೂ ಬಿಡಲಿಲ್ಲ. ಇವತ್ತಿಗೂ ರಾಕ್ ವೇದಿಕೆಯ ಮೇಲೆ ಆ ಗೆಜ್ಜೆ ಕುಣಿಯುತ್ತಿದೆ. ಹಂಗಿಸಿದ್ದನ್ನೇ ಆಭರಣ ಮಾಡಿಕೊಂಡರಲ್ಲ, ಅದು ನನಗೆ ಬಹಳ ಹಿಡಿಸಿತು.

ಓದಿನಲ್ಲೂ ಹಿಂದೆ ಬಿದ್ದವರಲ್ಲ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ., ಅದರಲ್ಲಿ ಚಿನ್ನದ ಪದಕ. ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಅದೇ ಕೆಲಸದ ಮೇಲೆ ಬೆಲ್ಜಿಯಂ ದೇಶಕ್ಕೂ ಹೋದರು. ಅಲ್ಲಿಯ ರೇಡಿಯೋದಲ್ಲಿ ಇವರ ಹಾಡು ಪ್ರಸಾರವಾಯಿತು. ಪರದೇಶದ ಜನ ತಮ್ಮ ಹಾಡು ಕೇಳಿ ಮೆಚ್ಚಿದ್ದೇ ತಡ, ಊರಿಗೆ ಮರಳಿ ಸಂಗೀತವೇ ಕಸುಬು ಎಂದು ನಿಂತರು.

ಇಲ್ಲಿ ನಾವು ತಾಯಂದಿರು ಒಂದು ಗಳಿಗೆ ನಿಲ್ಲಬೇಕು. ಚಿನ್ನದ ಪದಕ ಗೆದ್ದ ಮಗ, ತಿಂಗಳ ಸಂಬಳ, ವಿದೇಶದ ದಾರಿ, ಎಲ್ಲ ಬಿಟ್ಟು ಗಿಟಾರು ಹಿಡಿದು ನಿಂತರೆ ನಿಮ್ಮ ಮನೆಯಲ್ಲಿ ಏನಾಗುತ್ತಿತ್ತು? ನಮ್ಮ ಮನೆಯಲ್ಲಾಗಿದ್ದರೆ ಎರಡು ದಿನ ಒಲೆ ಹತ್ತುತ್ತಿರಲಿಲ್ಲ. ಫಲವಾದರೂ ಕೂಡಲೇ ಸಿಕ್ಕಿತೇ ಎಂದರೆ ಅದೂ ಇಲ್ಲ. 'ಅಂತರಾಗ್ನಿ' ಎಂಬ ತಂಡ ಕಟ್ಟಿ ಹಾಡುತ್ತಿದ್ದರು, ಕೆಲವು ವರ್ಷಗಳಲ್ಲಿ ಆ ತಂಡ ಚದುರಿತು. ಕ್ಯಾಸೆಟ್ಟು, ಸಿ.ಡಿ. ಕಂಪನಿಗಳ ಬಾಗಿಲು ವರ್ಷಗಟ್ಟಲೆ ತಟ್ಟಿದರೂ ತೆರೆಯಲಿಲ್ಲ. ಸಿನಿಮಾ ಹಾಡಲ್ಲ, ಪೂರ್ತಿ ಜಾನಪದವೂ ಅಲ್ಲ, ಪೂರ್ತಿ ಇಂಗ್ಲಿಷೂ ಅಲ್ಲ. ಯಾವ ಕಪಾಟಿನಲ್ಲಿಡುವುದು ಎಂದು ವ್ಯಾಪಾರದವರಿಗೆ ತಿಳಿಯಲಿಲ್ಲ. ಮುಂಬಯಿಯಲ್ಲಿ ಕೂತು ಪವಾಡಕ್ಕೆ ಕಾಯುತ್ತಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ಹಾಡೊಂದು ಅವರ ಮೊದಲ ಸಂಗ್ರಹದಲ್ಲಿದೆ. ಕಾದವರಿಗೇ ಗೊತ್ತು ಅದರ ರುಚಿ. ಕೊನೆಗೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಮುಂಬಯಿಯಲ್ಲಿ ಇವರ ಹಾಡು ಕೇಳಿ, ತಮ್ಮದೇ ಕಂಪನಿಯಿಂದ 2008ರಲ್ಲಿ ಆ ಸಂಗ್ರಹ ಹೊರತಂದರು. ಅಷ್ಟರಲ್ಲಿ ಅವರಿಗೆ ಮೂವತ್ತಮೂರು ವಯಸ್ಸು.

ಆ ಸಂಗ್ರಹದ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡದವು ಎರಡೇ, ಎರಡೂ ಶರೀಫರವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಮಾಳಿಗೆ ಸೋರುವುದೆಂದರೆ ಏನೆಂದು ಬೆಂಗಳೂರಿನ ಹುಡುಗರಿಗಿಂತ ನಮ್ಮ ದೇವದುರ್ಗ, ಮಾನ್ವಿ ಕಡೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸದಿದ್ದರೆ, ರಾತ್ರಿಯೆಲ್ಲಾ ಮನೆಯಲ್ಲಿದ್ದ ಪಾತ್ರೆಗಳನ್ನು ಸೋರುವ ಕಡೆಯೆಲ್ಲ ಹೊಂದಿಸುತ್ತಾ ಕೂಡಬೇಕು. ಆ ಕಷ್ಟವನ್ನೇ ಶರೀಫರು ಅಜ್ಞಾನದ ಮಾತಿಗೆ ತಿರುಗಿಸಿದರು. ಮನೆಯೆಂದರೆ ಈ ದೇಹ, ಅದನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳದವನ ಪಾಡು ಅದು. ಗುಡುಗುಡಿಯೂ ಹಾಗೆಯೇ, ಮೇಲೆ ಹುಕ್ಕಾ, ಒಳಗೆ ಅಧ್ಯಾತ್ಮ.

ಶರೀಫರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಮುಸಲ್ಮಾನರ ಮನೆಯ ಮಗ, ಬ್ರಾಹ್ಮಣ ಗೋವಿಂದಭಟ್ಟರ ಶಿಷ್ಯ. ಆ ಕಾಲದ ಜನ ಅದಕ್ಕೂ ಮೂಗು ಮುರಿದಿದ್ದರು. ಅವರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದ ಮೇಲಂತೂ ಎಲ್ಲರ ಬಾಯಲ್ಲೂ ಅವೇ. ಅಶ್ವಥ್ ಭಜನೆಯಿಂದ ಸುಗಮ ಸಂಗೀತದ ವೇದಿಕೆಗೆ ತಂದ ಪದವನ್ನು ರಘು ಇನ್ನೊಂದು ಅಂಗಳಕ್ಕೆ ಒಯ್ದರು. ಭಾಷೆಯನ್ನು ಮಾತ್ರ ಪೇಟೆಯದು ಮಾಡಲಿಲ್ಲ. 'ಮಾಳಿಗಿ' ಮಾಳಿಗಿಯಾಗಿಯೇ ಉಳಿಯಿತು.

ಇನ್ನು ನಮ್ಮತ್ತೆಯವರ ಬ್ಯಾಂಡಿನ ಮಾತು. ರಾಕ್ ಅಂಡ್ ರೋಲ್ ಎಂಬುದರ ತವರುಮನೆ ಯಾವುದು ಗೊತ್ತೇ? ಒಂದು ರೀತಿಯಲ್ಲಿ ಭಜನೆಯೇ! ಅಮೆರಿಕದ ಕರಿಯ ಜನರು ಹತ್ತಿಯ ಹೊಲದಲ್ಲಿ ದುಡಿಯುತ್ತಾ ಹಾಡಿದ ಹಾಡು, ಭಾನುವಾರ ಚರ್ಚಿನಲ್ಲಿ ಚಪ್ಪಾಳೆ ತಟ್ಟಿ ಹಾಡಿದ ಹಾಡು, ಇವುಗಳಿಂದಲೇ 1950ರ ದಶಕದಲ್ಲಿ ಅದು ರೂಪ ತಳೆಯಿತು. 1954ರಲ್ಲಿ ಮೆಂಫಿಸ್ ಎಂಬ ಊರಿನಲ್ಲಿ ಮೊದಲ ತಟ್ಟೆ ಹೊರಡಿಸಿದ ಎಲ್ವಿಸ್ ಪ್ರೀಸ್ಲಿಯ ಹೆಸರು ಎಲ್ಲರಿಗೂ ಗೊತ್ತು. ಅವನಿಗಿಂತ ಹತ್ತು ವರ್ಷ ಮುಂಚೆಯೇ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಹೆಣ್ಣುಮಗಳು ದೇವರ ಹಾಡಿಗೆ ವಿದ್ಯುತ್ ಗಿಟಾರು ಬಾರಿಸಿ ತಟ್ಟೆ ತಂದಿದ್ದಳು. ಚರ್ಚಿನ ಹಾಡನ್ನು ಕುಣಿಯುವ ಕ್ಲಬ್ಬಿಗೆ ಒಯ್ದಳೆಂದು ಅವಳನ್ನೂ ಜನ ಆಡಿಕೊಂಡರು. 2018ರಲ್ಲಿ, ಅವಳು ತೀರಿಕೊಂಡು ನಲವತ್ತೈದು ವರ್ಷದ ಮೇಲೆ, ರಾಕ್ ಅಂಡ್ ರೋಲ್ ಕೀರ್ತಿಮಂದಿರದಲ್ಲಿ ಅವಳಿಗೆ ಸ್ಥಾನ ಸಿಕ್ಕಿತು. ಎಲ್ಲಿ ಹೋದರೂ ನಮ್ಮ ಹೆಣ್ಣುಮಕ್ಕಳ ಪಾಳಿ ತಡವೇ ಬಿಡಿ.

ರಘು ಅವರ ಹೆಸರು ಕನ್ನಡದ ಮನೆಗಳಿಗೆ ಹೆಚ್ಚಾಗಿ ಮುಟ್ಟಿದ್ದು 'ಸೈಕೋ' ಚಿತ್ರದ ಮಾದೇಶ್ವರನ ಹಾಡಿನಿಂದ. 2010ರಲ್ಲಿ ಸುದೀಪ್-ರಮ್ಯಾ ನಟಿಸಿದ 'ಜಸ್ಟ್ ಮಾತ್ ಮಾತಲ್ಲಿ' ಚಿತ್ರಕ್ಕೂ ಅವರದೇ ಸಂಗೀತ. ಅದೇ ವರ್ಷ ಬಿ.ಬಿ.ಸಿ. ಟೀವಿಯಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆಯಲ್ಲಿ ಹಾಡಿದರು, 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯೂ ಬಂತು. 2013ರ ಎರಡನೇ ಸಂಗ್ರಹದಲ್ಲಿ ಮತ್ತೆ ಶರೀಫರದೇ 'ಲೋಕದ ಕಾಳಜಿ' ಇದೆ.

ಇದು ಹೆಣ್ಣುಮಕ್ಕಳ ಪತ್ರಿಕೆ, ಆದ್ದರಿಂದ ಇನ್ನೊಂದು ಸಂಗತಿ ಬಿಟ್ಟು ಬರೆಯಲಾರೆ. 2018ರ ಅಕ್ಟೋಬರಿನಲ್ಲಿ 'ಮೀ ಟೂ' ಎಂದು ದೇಶದ ಹೆಣ್ಣುಮಕ್ಕಳು ಬಾಯಿ ತೆರೆದಾಗ ರಘು ಅವರ ನಡವಳಿಕೆಯ ಮೇಲೂ ಆರೋಪ ಬಂತು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಾಡು ಚೆನ್ನಾಗಿದೆ ಎಂದು ಇದನ್ನು ಮುಚ್ಚಿಟ್ಟರೆ ಓದುವ ಅಕ್ಕತಂಗಿಯರಿಗೆ ಮೋಸ ಮಾಡಿದ ಹಾಗೆ. ಪದ ಶರೀಫರದು, ಅದಕ್ಕೆ ಹಾಡಿದವರ ಪುಣ್ಯವೂ ಅಂಟದು, ಪಾಪವೂ ಅಂಟದು ಎಂದು ನನ್ನ ಎಣಿಕೆ. ನಿಮಗೆ ಬೇರೆ ಅನ್ನಿಸಿದರೆ ಅದೂ ಸರಿಯೇ.

ಹಾಡಿನ ಬಗ್ಗೆ ನನ್ನದೊಂದು ತಕರಾರಿದೆ. ಡ್ರಮ್ಮು ಏರಿದ ಕಡೆ ಮಾತು ಅಡಗಿಹೋಗುತ್ತದೆ, ತತ್ವಪದಕ್ಕೆ ಮಾತೇ ಜೀವ. ಆದ್ದರಿಂದ ಕೇಳದೆ ಇರುವವರು ಮೊದಲು ಅಶ್ವಥ್ ಅವರ ದನಿಯಲ್ಲಿ 'ಸೋರುತಿಹುದು' ಕೇಳಿ, ಮಾತು ಮನಸ್ಸಿಗೆ ಇಳಿಯಲಿ. ಆಮೇಲೆ ರಘು ಅವರದು ಕೇಳಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಮಾಳಿಗೆ ಎಂದರೇನು, ಅದು ಯಾಕೆ ಸೋರುತ್ತದೆ ಎಂದು ಅವರು ಕೇಳುವುದು ಖಂಡಿತ. ಆರ್‌ಸಿಸಿ ಮನೆಯಲ್ಲಿ ಹುಟ್ಟಿದವಕ್ಕೆ ನಾವಲ್ಲದೆ ಇನ್ನಾರು ಹೇಳಬೇಕು?