ಆನೆಕಿವಿ ಗಿಡ ಮನೆಯೊಳಗೆ ಬಾಳಬೇಕಾದರೆ...

ಅಗಲವಾದ ಎಲೆಗಳ ಆನೆಕಿವಿ ಗಿಡವನ್ನು ನರ್ಸರಿಯಲ್ಲಿ ಕಂಡರೆ ಯಾರಿಗಾದರೂ ಮನೆಗೆ ತರುವ ಆಸೆಯಾಗುತ್ತದೆ. ಆದರೆ ಭಾಲ್ಕಿ, ಬೀದರ್, ಔರಾದ್ ಕಡೆ ಅದು ಕೆಲವೇ ತಿಂಗಳಲ್ಲಿ ಬಾಡಿಹೋಗುವುದುಂಟು. ಇದು ತೇವದ ಗಾಳಿ, ಮರದ ನೆರಳಿನಲ್ಲಿ ಬೆಳೆಯುವ ಗಿಡ. ಈ ಕಡೆಯೋ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಚಳಿಗಾಲದಲ್ಲಿ ಮೈ ನಡುಗಿಸುವ ರಾತ್ರಿ. ಈ ವ್ಯತ್ಯಾಸವನ್ನು ತಿಳಿದುಕೊಂಡರೆ ಅದನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ.

ಮಕ್ಕಳಿರುವ ಮನೆಯವರೇ, ಗಮನಿಸಿ

ಆನೆಕಿವಿ ಕೆಸುವಿನ ಬಳಗದ್ದು. ಕರಾವಳಿಯವರು ಪತ್ರೊಡೆಗೆ ಬಳಸುವ ಕೆಸು, ಉರ್ದು ಮಾತನಾಡುವ ಮನೆಗಳಲ್ಲಿ ಅರ್ವಿ ಎನ್ನುವ ಗಡ್ಡೆ ಎಲ್ಲವೂ ಇದರ ಬಂಧುಗಳೇ. ಹಾಗೆಂದು ಅಲಂಕಾರದ ಗಿಡದ ಎಲೆಯನ್ನು ಎಂದಿಗೂ ಅಡುಗೆಗೆ ಬಳಸಬೇಡಿ. ಈ ಗಿಡಗಳ ಎಲೆ, ದಂಟು, ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುತ್ತವೆ. ಮಗು ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಆಗ ಬಾಯಿಯಲ್ಲಿರುವ ಚೂರುಗಳನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣನೆಯ ನೀರು ಅಥವಾ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿ. ವಾಂತಿ ಮಾಡಿಸಬೇಡಿ. ಊತ ಹೆಚ್ಚಿದರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಬೆಗಾಲಿಡುವ ಮಗುವಿದ್ದರೆ ಕುಂಡವನ್ನು ಕೈಗೆಟುಕದ ಎತ್ತರದಲ್ಲಿಡಿ. ಆಡು, ಬೆಕ್ಕುಗಳಿಂದಲೂ ದೂರವಿರಲಿ. ಎಲೆ ಕತ್ತರಿಸಿದ ಬಳಿಕ ಸಾಬೂನಿನಿಂದ ಕೈ ತೊಳೆಯಿರಿ.

ಎಲ್ಲಿ ಇಡಬೇಕು?

ಬೆಳಕು ಬೇಕು, ಸುಡು ಬಿಸಿಲು ಬೇಡ. ಎಳೆ ಬಿಸಿಲು ಬರುವ ಪೂರ್ವದ ಕಿಟಕಿಯ ಬಳಿ ಒಳ್ಳೆಯದು. ಪಶ್ಚಿಮದ ಕಿಟಕಿಯಾದರೆ ನಡುವೆ ತೆಳು ಪರದೆ ಇರಲಿ. ಮಾರ್ಚ್‌ನಿಂದ ಮೇವರೆಗೆ ಬಿಸಿಗಾಳಿ ಬೀಸುವ ಬಾಗಿಲಿನಿಂದ ದೂರವಿಡಿ. ಕೂಲರ್ ಇರುವ ಕೋಣೆಯ ತೇವ ಗಿಡಕ್ಕೆ ಹಿತ, ಆದರೆ ಗಾಳಿ ನೇರವಾಗಿ ಬಡಿಯಬಾರದು.

ಮಣ್ಣು ಮತ್ತು ನೀರು

ಹೊಲದ ಎರೆಮಣ್ಣನ್ನೇ ಕುಂಡಕ್ಕೆ ತುಂಬಬೇಡಿ. ಅದು ನೀರನ್ನು ಹಿಡಿದಿಟ್ಟು ಗಡ್ಡೆಯನ್ನು ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರಗಳನ್ನು ಸಮನಾಗಿ ಬೆರೆಸಿ, ಒಂದಿಷ್ಟು ಮರಳು ಸೇರಿಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಬೆರಳಿನಿಂದ ಮುಟ್ಟಿ ನೋಡಿ, ಮೇಲಿನ ಒಂದಂಗುಲ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಬೋರ್‌ವೆಲ್‌ನ ಗಡಸು ನೀರಿನ ಲವಣ ಸೇರಿಕೊಂಡರೆ ಎಲೆಯ ಅಂಚು ಕಂದಾಗುತ್ತದೆ. ಮಳೆಗಾಲದಲ್ಲಿ ಮಳೆನೀರು ಹಿಡಿದಿಟ್ಟು ಬಳಸಿ. ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ತರಕಾರಿ ತೊಳೆದ ನೀರೇ ಸಾಕು, ಅದರಲ್ಲಿ ಉಪ್ಪು ಇರಬಾರದು ಅಷ್ಟೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಅಂತಹ ನೀರಿನಲ್ಲೇ ಮೊಟ್ಟೆಯಿಡುತ್ತದೆ.

ಬೆಳಿಗ್ಗೆ ಎಲೆಯ ತುದಿಯಲ್ಲಿ ನೀರಿನ ಹನಿ ಕಂಡರೆ ಗಾಬರಿ ಬೇಡ, ಬೇರು ಹೀರಿದ ಹೆಚ್ಚುವರಿ ನೀರನ್ನು ಗಿಡ ಹೀಗೆ ಹೊರಹಾಕುತ್ತದೆ. ಒಣಹವೆಯಲ್ಲಿ ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಬಿಳಿ ಚುಕ್ಕೆ ಕಂಡರೆ ಅದು ನುಸಿಯ ಕಾಟ. ವಾರಕ್ಕೊಮ್ಮೆ ಎರಡೂ ಬದಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ದ್ರವ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ.

ಎಲೆ ಉದುರಿತೆಂದು ಎಸೆಯಬೇಡಿ

ಹೊಸ ಎಲೆ ಬಂದಾಗ ಹಳೆಯದೊಂದು ಹಳದಿಯಾಗುವುದು ಸಹಜ. 15 ಡಿಗ್ರಿಗಿಂತ ಚಳಿಯಾದರೆ ಗಿಡದ ಬೆಳವಣಿಗೆ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಲ್ಲ ಎಲೆಗಳೂ ಉದುರಬಹುದು. ಗಿಡ ಸತ್ತಿತೆಂದು ಅನೇಕರು ಕುಂಡವನ್ನೇ ಬರಿದು ಮಾಡುತ್ತಾರೆ. ಸ್ವಲ್ಪ ತಾಳಿ. ಮಣ್ಣು ಕೆದಕಿ ಗಡ್ಡೆಯನ್ನು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದು ಮಲಗಿದೆಯಷ್ಟೆ. ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಕುಂಡವನ್ನು ಬೆಚ್ಚಗಿನ ಮೂಲೆಯಲ್ಲಿಡಿ. ಚಳಿ ಕಳೆದ ಮೇಲೆ ಸುರುಳಿ ಸುತ್ತಿದ ಹೊಸ ಎಲೆ ತಾನಾಗಿಯೇ ಮೇಲೇಳುತ್ತದೆ.