ಅಲ್ಯೂಮಿನಿಯಮ್ ಎಂಜಿನ್ನಿಗೆ ಉಕ್ಕಿನ ಬೋಲ್ಟು: ಎಷ್ಟು ಬಿಗಿದರೆ ಸರಿ?

ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಬರುವ ಮೋಟಾರ್ ಸೈಕಲ್‌ಗಳ ಸದ್ದನ್ನು ಗಮನಿಸಿ. ಕೆಲವು ಎಂಜಿನ್ನಿನ ಬಳಿಯೇ 'ಟಪ್ ಟಪ್' ಎನ್ನುತ್ತವೆ. ಸೈಲೆನ್ಸರ್ ಕೊಳವೆ ಎಂಜಿನ್ನನ್ನು ಸೇರುವಲ್ಲಿ ಹೊಗೆ ಸೋರುತ್ತಿರುವುದರ ಗುರುತು ಇದಾಗಿರಬಹುದು. 'ಇನ್ನೊಂದು ಸುತ್ತು ಬಿಗಿದರಾಯಿತು' ಎನಿಸುವುದು ಸಹಜ. ಆದರೆ ಆ ಒಂದು ಸುತ್ತಿನಲ್ಲಿ ದುಬಾರಿಯಾದ ಸಿಲಿಂಡರ್ ಹೆಡ್ ಕೆಡಬಹುದು. ಏಕೆ?

ಬೋಲ್ಟು ಒಂದು ಸ್ಪ್ರಿಂಗು

ಬಿಗಿದಾಗ ಬೋಲ್ಟು ಕೂದಲೆಳೆಯಷ್ಟೂ ಇಲ್ಲದಂತೆ ಹಿಗ್ಗುತ್ತದೆ. ಮರಳಿ ಕುಗ್ಗಲು ಅದು ತೋರುವ ಎಳೆತವೇ ಕೊಳವೆಯನ್ನು ಹಿಡಿದಿಡುತ್ತದೆ. ನಾವು ಸ್ಪ್ಯಾನರ್‌ನಿಂದ ಕೊಡುವ ಟಾರ್ಕಿನ ಸುಮಾರು ಶೇ. 90 ಭಾಗ ಘರ್ಷಣೆಗೇ ವ್ಯಯವಾಗುತ್ತದೆ. ಲೆಕ್ಕಕ್ಕೆ ಒಂದು ಸರಳ ಸೂತ್ರವಿದೆ:

ಟಾರ್ಕ್ = 0.2 × ಎಳೆತ × ಬೋಲ್ಟಿನ ವ್ಯಾಸ

8 ಮಿ.ಮೀ. ಬೋಲ್ಟಿಗೆ 20 ನ್ಯೂಟನ್-ಮೀಟರ್ ಕೊಟ್ಟರೆ ಎಳೆತ 12,500 ನ್ಯೂಟನ್. ಎಣ್ಣೆ ಹಚ್ಚಿದರೆ 0.2 ಎಂಬುದು ಸುಮಾರು 0.15ಕ್ಕೆ ಇಳಿಯುತ್ತದೆ. ಅದೇ ಟಾರ್ಕಿಗೆ ಎಳೆತ ಸುಮಾರು 16,700 ನ್ಯೂಟನ್ ಆಗುತ್ತದೆ. ಕೈಗೆ ಮಾತ್ರ ಎರಡೂ ಒಂದೇ ಬಿಗಿ!

ಸೋಲುವವರು ಯಾರು?

ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ತುಂಡಾಗಲು 800 ಮೆಗಾಪ್ಯಾಸ್ಕಲ್, ಶಾಶ್ವತವಾಗಿ ಹಿಗ್ಗಲು 640 ಮೆಗಾಪ್ಯಾಸ್ಕಲ್ ಪೀಡನ ಬೇಕು. ಹೆಡ್‌ನ ಅಲ್ಯೂಮಿನಿಯಮ್ ಇದಕ್ಕಿಂತ ಬಹಳ ಮೆದು. ಆದ್ದರಿಂದ ಇನ್ನೂ ಗಟ್ಟಿಯಾದ ಬೋಲ್ಟು ಹಾಕಿ ಪ್ರಯೋಜನವಿಲ್ಲ. ಮೊದಲು ಕಿತ್ತುಬರುವುದು ಹೆಡ್‌ನ ಥ್ರೆಡ್. ಬೋಲ್ಟು ವ್ಯಾಸದ ಒಂದೂವರೆಯಿಂದ ಎರಡು ಪಟ್ಟು, ಅಂದರೆ 12ರಿಂದ 16 ಮಿ.ಮೀ. ಆಳ ಕಚ್ಚಿರಬೇಕು. ತೀರ ಉದ್ದವಾದರೆ ತುದಿ ರಂಧ್ರದ ತಳಕ್ಕೆ ತಗುಲಿ, ಕೊಳವೆ ಸಡಿಲವಿದ್ದರೂ ಬಿಗಿಯಾದಂತೆ ತೋರುತ್ತದೆ.

ಅನೇಕ ಮೋಟಾರ್ ಸೈಕಲ್‌ಗಳಲ್ಲಿ ಬೋಲ್ಟಿನ ಬದಲು ಸ್ಟಡ್ ಮತ್ತು ನಟ್ ಇರುವುದೇಕೆಂದು ಈಗ ತಿಳಿಯುತ್ತದೆ. ಬಿಚ್ಚಿ ಹಾಕುವಾಗ ಸವೆಯುವುದು ಉಕ್ಕಿನ ಸ್ಟಡ್. ಹೆಡ್‌ನ ಥ್ರೆಡ್ ಉಳಿಯುತ್ತದೆ.

ಶಾಖದ ಆಟ

ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅಲ್ಯೂಮಿನಿಯಮ್ ಹತ್ತು ಲಕ್ಷದಲ್ಲಿ 23 ಭಾಗ, ಸಾಧಾರಣ ಉಕ್ಕು ಸುಮಾರು 12 ಭಾಗ ಹಿಗ್ಗುತ್ತವೆ. ತಾಪ 150 ಡಿಗ್ರಿ ಏರಿದರೆ 15 ಮಿ.ಮೀ. ಥ್ರೆಡ್‌ನಲ್ಲಿ ಇವುಗಳ ಅಂತರ ಸುಮಾರು 0.025 ಮಿ.ಮೀ. ಪ್ರತಿ ಸಲ ಎಂಜಿನ್ ಕಾದು ಆರಿದಾಗಲೂ ಈ ತಿಕ್ಕಾಟ ನಡೆಯುತ್ತದೆ. ಜೊತೆಗೆ ಹೊಸ ಗ್ಯಾಸ್ಕೆಟ್ ಅಮುಕಿಕೊಂಡು ಬೋಲ್ಟಿನ ಎಳೆತ ತಗ್ಗುತ್ತದೆ.

ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಬೋಲ್ಟು ಹಾಕುವವರಿದ್ದಾರೆ. ಅದರ ಹಿಗ್ಗುವಿಕೆ ಅಲ್ಯೂಮಿನಿಯಮ್‌ಗೆ ಹತ್ತಿರವೇನೋ ಹೌದು. ಆದರೆ ತೇವ ಸೇರಿದಾಗ ಈ ಜೋಡಿ ಸಣ್ಣ ವಿದ್ಯುತ್ಕೋಶವಾಗುತ್ತದೆ, ಕರಗುವುದು ಅಲ್ಯೂಮಿನಿಯಮ್.

ಬಿಗಿಯುವ ಕ್ರಮ

ಎಂಜಿನ್ ಪೂರ್ತಿ ತಣಿದಿರಲಿ. ಥ್ರೆಡ್ ಸ್ವಚ್ಛಗೊಳಿಸಿ, ಮೊದಲು ಕೈಬೆರಳಿನಿಂದ ತಿರುಗಿಸಿ. ನಂತರ ಎರಡು ಬದಿಗಳನ್ನೂ ಸರದಿಯಂತೆ, ಎರಡು ಮೂರು ಹಂತಗಳಲ್ಲಿ, ತಯಾರಕರ ಕೈಪಿಡಿ ಹೇಳುವ ಟಾರ್ಕಿಗೆ ತನ್ನಿ. ಒಮ್ಮೆ ಓಡಿಸಿ, ತಣಿದ ಮೇಲೆ ಮತ್ತೆ ಪರೀಕ್ಷಿಸಿ.

ಟಾರ್ಕ್ ಸ್ಪ್ಯಾನರ್ ಇಲ್ಲವೇ? ಶಾಲೆಯ ಸ್ಪ್ರಿಂಗ್ ತ್ರಾಸನ್ನು ಬೋಲ್ಟಿನಿಂದ 25 ಸೆ.ಮೀ. ದೂರದಲ್ಲಿ ಸ್ಪ್ಯಾನರ್‌ಗೆ ಸಿಕ್ಕಿಸಿ, ಲಂಬವಾಗಿ ಎಳೆಯಿರಿ. ತ್ರಾಸು 80 ನ್ಯೂಟನ್ ತೋರಿದಾಗ ಟಾರ್ಕ್ 20 ನ್ಯೂಟನ್-ಮೀಟರ್. ಹಳೆಯ ನಟ್ಟು ಬೋಲ್ಟಿನ ಮೇಲೆ ವಿದ್ಯಾರ್ಥಿಗಳು ಮೊದಲು ಅಂದಾಜಿನಿಂದ ಬಿಗಿಯಲಿ, ಬಳಿಕ ತ್ರಾಸಿನಿಂದ ಅಳೆಯಲಿ. ಕೈಯಂದಾಜು ಎಷ್ಟು ನಂಬಲರ್ಹವೆಂದು ಅವರಿಗೇ ತಿಳಿಯುತ್ತದೆ.