ಒಂದಿಂಚು ಏರಿದರೆ ಎರಡಡಿ ಮೋಸ

ಸಿಂಧನೂರು, ಮಸ್ಕಿ ಕಡೆಯ ಭತ್ತದ ರೈತರಿಗೆ ಮಟ್ಟದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಗದ್ದೆಯ ಒಂದು ಮೂಲೆ ನಾಲ್ಕು ಬೆರಳು ಎತ್ತರವಿದ್ದರೆ ಅಲ್ಲಿ ನೀರು ನಿಲ್ಲದೆ ಕಳೆ ಏಳುತ್ತದೆ. ತಗ್ಗಿದ್ದರೆ ಸಸಿ ಮುಳುಗುತ್ತದೆ. ಲೇಸರ್ ಲೆವೆಲರ್ ಓಡಿಸಿ ಹೊಲದ ಏರುತಗ್ಗನ್ನು ಎರಡು ಸೆಂಟಿಮೀಟರಿನೊಳಗೆ ತಂದರೆ ಭತ್ತಕ್ಕೆ ಧಾರಾಳವಾಯಿತು. ಲಾನ್ ಬೌಲ್ಸ್ ಎಂಬ ಆಟಕ್ಕೆ ಅದೂ ಸಾಲದು.

ಆಟ ನೋಡಲು ಬಲು ಸರಳ. ಜಾಕ್ ಎಂಬ ಸಣ್ಣ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಆಮೇಲೆ ಸುಮಾರು ಒಂದೂವರೆ ಕಿಲೋ ತೂಕದ ಬೌಲ್‌ಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಹತ್ತಿರ ನಿಂತವರಿಗೆ ಅಂಕ. ಹುಲ್ಲಿನ ಅಂಕಣ 31ರಿಂದ 40 ಮೀಟರ್ ಬದಿಯ ಚೌಕ. 40 ಮೀಟರಿನದಾದರೆ 1,600 ಚದರ ಮೀಟರ್, ಅಂದರೆ ಹತ್ತಿರಹತ್ತಿರ 16 ಗುಂಟೆ. ಅಷ್ಟೂ ನೆಲ ಅಂಗೈಯಷ್ಟು ಸಮವಿರಬೇಕು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ನಮ್ಮ ಎರೆಭೂಮಿಯಲ್ಲಿ ಇದನ್ನು ಊಹಿಸುವುದೂ ಕಷ್ಟ.

ಅಂಕಣದ ವೇಗವನ್ನು ಸೆಕೆಂಡಿನಲ್ಲಿ ಅಳೆಯುತ್ತಾರೆ. 27.43 ಮೀಟರ್ ದೂರ ಉರುಳಿ ನಿಲ್ಲಲು ಬೌಲ್‌ಗೆ 14 ಸೆಕೆಂಡ್ ಬೇಕಾದರೆ ಅದು 14 ಸೆಕೆಂಡಿನ ಅಂಕಣ. ಸೆಕೆಂಡ್ ಹೆಚ್ಚಿದಷ್ಟೂ ಅಂಕಣ 'ವೇಗದ್ದು', ಏಕೆಂದರೆ ನುಣುಪು ನೆಲದಲ್ಲಿ ಮೆಲ್ಲಗೆ ಬಿಟ್ಟರೂ ಬೌಲ್ ಅಷ್ಟು ದೂರ ಹೋಗುತ್ತದೆ. ಈಗ ಸರಳ ಲೆಕ್ಕ ಹಾಕಿ. 14 ಸೆಕೆಂಡಿನ ಅಂಕಣದಲ್ಲಿ ಬೌಲ್ ಕೈಬಿಡುವಾಗಿನ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್. ಆ ವೇಗ ನೂರಕ್ಕೆ ಒಂದು ಪಾಲು ತಪ್ಪಿದರೆ ಬೌಲ್ 55 ಸೆಂಟಿಮೀಟರ್ ಆಚೆಗೋ ಈಚೆಗೋ ನಿಲ್ಲುತ್ತದೆ. ಆ ಉದ್ದಕ್ಕೆ ನೆಲ ಒಂದಿಂಚು ಏರಿದ್ದರೆ ಸುಮಾರು ಎರಡಡಿ ಮೊದಲೇ ನಿಂತುಬಿಡುತ್ತದೆ. ಇಷ್ಟಾದರೂ ಗೆಲುವು ಸೋಲು ಎಷ್ಟೋ ಸಲ ಮಿಲಿಮೀಟರಿನಲ್ಲಿ ತೀರ್ಮಾನವಾಗುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ಬೌಲ್‌ನ ಎರಡು ಬದಿಗಳ ಆಕಾರ ಒಂದೇ ಅಲ್ಲ. ಹಾಗಾಗಿ ಅದು ನೇರ ಹೋಗುವುದಿಲ್ಲ. ವೇಗ ಕುಗ್ಗಿದಂತೆ ಒಂದು ಬದಿಗೆ ಬಾಗುತ್ತದೆ. ಗುರಿ ಇರುವ ಕಡೆಗೆ ನೋಡಿ ಬಿಟ್ಟವನಿಗೆ ಗುರಿ ಸಿಗದು.

ಇಂಥ ಆಟದಲ್ಲಿ ಮೂವತ್ತು ವರ್ಷ ಕೈ ತಪ್ಪದೆ ನಡೆದವರು ಇಂಗ್ಲೆಂಡಿನ ಡೇವಿಡ್ ಬ್ರಯಂಟ್. 1931ರಲ್ಲಿ ಕ್ಲೀವ್ಡನ್ ಎಂಬ ಕಡಲೂರಿನಲ್ಲಿ ಹುಟ್ಟಿದವರು, ಮೊದಲಿಗೆ ಶಾಲಾ ಮಾಸ್ತರು, ಬಾಯಲ್ಲಿ ಸದಾ ಪೈಪು. ಕಾಮನ್‌ವೆಲ್ತ್ ಕೂಟದ ಸಿಂಗಲ್ಸ್ ಚಿನ್ನ 1962, 1970, 1974, 1978ರಲ್ಲಿ ಅವರದೇ. ನಡುವೆ 1966 ಖಾಲಿ ಉಳಿದದ್ದು ಅವರು ಸೋತಿದ್ದಕ್ಕಲ್ಲ. ಕಿಂಗ್‌ಸ್ಟನ್‌ ಕೂಟದಲ್ಲಿ ಈ ಆಟವೇ ಇರಲಿಲ್ಲ. ಅದೇ ವರ್ಷ ಆಸ್ಟ್ರೇಲಿಯದಲ್ಲಿ ನಡೆದ ಮೊತ್ತಮೊದಲ ವಿಶ್ವ ಚಾಂಪಿಯನ್‌ಶಿಪ್ ಸಿಂಗಲ್ಸ್ ಗೆದ್ದರು. 1980ರಲ್ಲಿ ಮತ್ತೆ, 1988ರಲ್ಲಿ ಮತ್ತೊಮ್ಮೆ. ಮೊದಲ ವಿಶ್ವಪಟ್ಟಕ್ಕೂ ಮೂರನೆಯದಕ್ಕೂ ನಡುವೆ 22 ವರ್ಷ.

ಗಾಳಿ, ಇಬ್ಬನಿ, ಮಳೆ ಯಾವುದರ ನೆಪವೂ ನಡೆಯದ ಒಳಾಂಗಣದ ಜಮಖಾನೆಯ ಮೇಲೂ ಅಷ್ಟೇ. ವಿಶ್ವ ಒಳಾಂಗಣ ಸಿಂಗಲ್ಸ್ 1979ರಲ್ಲಿ ಶುರುವಾಯಿತು. ಮೊದಲ ಮೂರು ವರ್ಷವೂ ಬ್ರಯಂಟ್ ಗೆದ್ದರು. ಆಮೇಲೆ ತಮಗಿಂತ 24 ವರ್ಷ ಚಿಕ್ಕವರಾದ ಟೋನಿ ಆಲ್ಕಾಕ್ ಜೊತೆಗೂಡಿ 1986ರಿಂದ 1992ರೊಳಗೆ ಆರು ಸಲ ವಿಶ್ವ ಜೋಡಿ ಪಟ್ಟ. ಕೊನೆಯದನ್ನು ಗೆದ್ದಾಗ ಅವರಿಗೆ 60 ವರ್ಷ.

ಇದು ಮುದುಕರ ಹಗುರ ಆಟವೆಂದು ತಳ್ಳಿಹಾಕುವವರು ತೂಕ ಹಾಕಿ ನೋಡಲಿ. ಸಿಂಗಲ್ಸ್‌ನ ಪ್ರತಿ ಸುತ್ತಿಗೆ ಒಬ್ಬರದು ನಾಲ್ಕು ಬೌಲ್. ಇಪ್ಪತ್ತು ಸುತ್ತು ನಡೆದರೆ 80 ಸಲ ಬಗ್ಗಬೇಕು. ಒಟ್ಟು ಭಾರ 120 ಕಿಲೋ. ನಮ್ಮ ಕಡೆಯ 75 ಕಿಲೋದ ಭತ್ತದ ಚೀಲದ ಲೆಕ್ಕದಲ್ಲಿ ಒಂದೂವರೆ ಚೀಲಕ್ಕೂ ಮಿಗಿಲು. ಎಂಬತ್ತನೆಯ ಸಲವೂ ಕೈ ಮೊದಲನೆಯದರಂತೆಯೇ ಬೀಸಬೇಕು.

ಭಾರತದ ಲೆಕ್ಕ ಬೇರೆಯೇ ಬೆರಗು. ಕಾಮನ್‌ವೆಲ್ತ್ ಕೂಟದಲ್ಲಿ ಈ ಆಟ 1930ರಲ್ಲೇ ಇತ್ತು. ನಮ್ಮವರು ಅಂಕಣಕ್ಕಿಳಿದದ್ದು 2010ರ ದೆಹಲಿ ಕೂಟದಲ್ಲಿ. 2022ರ ಆಗಸ್ಟ್ 2ರಂದು ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಜಾರ್ಖಂಡ್‌ನ ಪೊಲೀಸ್ ಪೇದೆ ಲವ್ಲಿ ಚೌಬೆ, ರೂಪಾರಾಣಿ ತಿರ್ಕಿ, ದೆಹಲಿಯ ದೈಹಿಕ ಶಿಕ್ಷಣ ಶಿಕ್ಷಕಿ ಪಿಂಕಿ ಮತ್ತು ಅಸ್ಸಾಂ ಅರಣ್ಯ ಇಲಾಖೆಯ ನಯನ್‌ಮೋನಿ ಸೈಕಿಯಾ ದಕ್ಷಿಣ ಆಫ್ರಿಕದ ಎದುರು ಫೈನಲ್ ಆಡಿದರು. 10-10ಕ್ಕೆ ಸಮವಾಗಿದ್ದ ಪಂದ್ಯ 17-10ಕ್ಕೆ ಮುಗಿಯಿತು. ಈ ಆಟದಲ್ಲಿ ದೇಶಕ್ಕೆ ಬಂದ ಮೊದಲ ಕಾಮನ್‌ವೆಲ್ತ್ ಪದಕವೇ ಚಿನ್ನದ್ದು. ಅಂಕಣಕ್ಕೆ ಕಾಲಿಡಲು ನಮಗೆ 80 ವರ್ಷ ಹಿಡಿಯಿತು. ಇಟ್ಟ ಮೇಲೆ ಚಿನ್ನಕ್ಕೆ ಬೇಕಾದದ್ದು ಹನ್ನೆರಡೇ ವರ್ಷ.